ಯಾಕೋ ಸಂಕಟ ಆಗ್ತಿದೆ ಕಣಕ್ಕಾ

ಹೋದ ವರ್ಷದ ಆಷಾಢ. ಸಂಜೆ ಆರು ಗಂಟೆ ಇರಬಹುದು. ಹೊರಗೆ ಜಿಟಿಜಿಟಿ ಮಳೆ. ಅಮ್ಮ ಎರಡು ಸೀರೆ, ಒಂದು ಟವೆಲ್, ದೇವರ ಮನೆಯ ಹಿತ್ತಾಳೆ ಗಂಟೆ ಎಲ್ಲವನ್ನೂ ಬಟ್ಟೆ ಅಂಗಡಿಯ ಚೀಲಕ್ಕೆ ತುಂಬಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು.

"ಮನೆಗೆ ಹೋಗೋಣ ನಡಿ ಅಕ್ಕಾ. ಅವ್ವ ಕಾಯ್ತಿರ್ತಾಳೆ."

ಅವ್ವ ಅಂದರೆ ನನ್ನ ಅಜ್ಜಿ. ಅಜ್ಜಿ ಹೋಗಿ ಮೂವತ್ತು ವರ್ಷದ ಮೇಲಾಯಿತು. ಅಕ್ಕ ಅಂದರೆ ನಾನು. ನಾನು ಅವಳ ಮಗಳು ಅನ್ನೋದು ಬೆಳಗಿನ ಹೊತ್ತು ಅಮ್ಮನಿಗೆ ಗೊತ್ತಿರುತ್ತದೆ. ಸಂಜೆಯಾದರೆ ನಾನು ಅವಳ ದೊಡ್ಡಕ್ಕ ಆಗಿಬಿಡುತ್ತೇನೆ. ಮನೆ ಅಂದರೆ ಅರಸೀಕೆರೆ ಹತ್ತಿರದ ಹಳ್ಳಿಯ ಹೆಂಚಿನ ಮನೆ. ಅದನ್ನು ಕೆಡವಿ ಎಷ್ಟೋ ಕಾಲವಾಗಿದೆ. ನಾವಿರೋದು ಮೈಸೂರಿನ ಒಂದು ಬಾಡಿಗೆ ಮನೆಯಲ್ಲಿ.

ನಾನು ಕಿರುಪರೀಕ್ಷೆಯ ಪೇಪರ್ ತಿದ್ದುತ್ತಾ ಕೂತಿದ್ದೆ. ಮರುದಿನ ಅಂಕ ಕೊಡಬೇಕಿತ್ತು. ಹಿಂದಿನ ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದು, ಹಸುವಿಗೆ ಹುಲ್ಲು ಹಾಕಬೇಕು ಅಂತ ಹಠ ಮಾಡಿದ್ದಳು. ನನಗೆ ಒಟ್ಟು ಮೂರು ಗಂಟೆ ನಿದ್ದೆಯಾಗಿತ್ತು. ಮೊದಲನೇ ಸಲ ಕೇಳಿದಾಗ "ಇದೇ ನಮ್ಮನೆ ಅಮ್ಮ" ಅಂದೆ. ಎರಡನೇ ಸಲವೂ ಅಂದೆ. ಆಮೇಲೆ ಉತ್ತರ ಕೊಡೋದು ಬಿಟ್ಟೆ. ಎಷ್ಟನೇ ಸಲವೋ ಗೊತ್ತಿಲ್ಲ, ಎದ್ದು ಹೋಗಿ ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದೆ. ಚೀಲ ಕಿತ್ತುಕೊಂಡೆ. "ಎಷ್ಟು ಸಲ ಹೇಳ್ಬೇಕು ನಿಂಗೆ? ಯಾವ ಅವ್ವನೂ ಇಲ್ಲ, ಯಾವ ಮನೇನೂ ಇಲ್ಲ!" ಅಂತ ಕಿರುಚಿದೆ. ಗಂಟೆ ನೆಲಕ್ಕೆ ಬಿತ್ತು.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಯ ಮೂಲೆಗೆ ಹೋಗಿ ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ಊಟಕ್ಕೆ ಕರೆದೆ. ಬಂದಳು. ನಾನು ಕಿರುಚಿದ್ದು ಅವಳಿಗೆ ನೆನಪಿರಲಿಲ್ಲ. ಅವ್ವನ ಮಾತಿಲ್ಲ, ಚೀಲದ ಮಾತಿಲ್ಲ. ಸದ್ಯ, ಮರೆತಿದ್ದಾಳೆ ಅಂದುಕೊಂಡೆ. ಆದರೆ ಮುದ್ದೆ ಮುರಿದು ಕೊಡೋಣ ಅಂತ ಅವಳ ತಟ್ಟೆಯ ಕಡೆ ಕೈ ಚಾಚಿದಾಗ ಮೈಯನ್ನು ಹಿಂದಕ್ಕೆ ಎಳೆದುಕೊಂಡಳು. ಎರಡು ತುತ್ತು ತಿಂದು ಸಾಕು ಅಂದಳು. "ಯಾಕಮ್ಮಾ?" ಅಂದೆ.

"ಗೊತ್ತಿಲ್ಲ. ಯಾಕೋ ಹೊಟ್ಟೇಲಿ ಸಂಕಟ ಆಗ್ತಿದೆ ಕಣಕ್ಕಾ."

ಈ ಮಾತು ಕೇಳಿ ಒಂದು ವರ್ಷದ ಮೇಲಾಯಿತು. ಇವತ್ತಿಗೂ ಅದು ಕಿವಿಯಲ್ಲೇ ಇದೆ.

ಅಮ್ಮನಿಗೆ ಅಲ್ಝೈಮರ್ಸ್ ಅಂತ ಗೊತ್ತಾಗಿ ಮೂರು ವರ್ಷವಾಯಿತು. ಅದಕ್ಕೂ ಮುಂಚೆ ಒಂದೆರಡು ವರ್ಷ ನಾವೂ ಎಲ್ಲರ ಹಾಗೆ "ಅರವತ್ತಕ್ಕೆ ಅರಳುಮರಳು" ಅಂತ ಸುಮ್ಮನಿದ್ದೆವು. ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಜಾಸ್ತಿ ಜನಕ್ಕೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಇಂಥ ಮರೆವಿನ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಇಷ್ಟು ಜನರನ್ನು ನೋಡಿಕೊಳ್ಳುವವರು ಎಷ್ಟು ಲಕ್ಷ ಇರಬೇಕು ಅಂತ ಯೋಚಿಸುತ್ತೇನೆ. ಅವರಲ್ಲಿ ಎಷ್ಟು ಜನ ನನ್ನ ಹಾಗೆ ಒಂದು ಸಂಜೆ ಕಿರುಚಿ, ಆಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಿರಬೇಕು?

ಆ ರಾತ್ರಿ ನಿದ್ದೆ ಬರಲಿಲ್ಲ. ಬೈದಿದ್ದೇ ಮರೆತುಹೋದ ಮೇಲೆ ಸಂಕಟ ಎಲ್ಲಿಂದ ಬಂತು? ಹುಡುಕುತ್ತಾ ಹೋದಾಗ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧನೆಯೊಂದು ಸಿಕ್ಕಿತು. 2014ರಲ್ಲಿ ಪ್ರಕಟವಾಗಿದ್ದು. ಅಲ್ಝೈಮರ್ಸ್ ಇರುವ 17 ಜನಕ್ಕೆ ಅಳು ತರಿಸುವ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ಬೇರೆ ಹೊತ್ತಿನಲ್ಲಿ ನಗು ತರಿಸುವಂಥವನ್ನೂ ತೋರಿಸಿದ್ದರು. ಸ್ವಲ್ಪ ಹೊತ್ತಿಗೆ ಅವರಲ್ಲಿ ಬಹಳ ಜನಕ್ಕೆ ಏನು ನೋಡಿದೆವು ಅನ್ನೋದೇ ಸರಿಯಾಗಿ ನೆನಪಿಲ್ಲ. ಆದರೆ ದುಃಖ ಹಾಗೇ ಉಳಿದಿತ್ತು. ಖುಷಿಯೂ ಉಳಿದಿತ್ತು. ಅದರಲ್ಲೂ ದುಃಖದ ಚಿತ್ರಗಳು ಯಾರಿಗೆ ಕಡಿಮೆ ನೆನಪಿದ್ದವೋ ಅವರಲ್ಲಿ ದುಃಖ ಇನ್ನೂ ಜಾಸ್ತಿ ಹೊತ್ತು ಇತ್ತಂತೆ.

ಓದಿ ಫೋನ್ ಮಗುಚಿಟ್ಟೆ. ಅವಳಿಗೆ ಹೇಗೂ ಮರೆತುಹೋಗುತ್ತದೆ ಅನ್ನೋದೊಂದೇ ಆವರೆಗೆ ನನಗಿದ್ದ ಸಮಾಧಾನ. ಅದೂ ಹೋಯಿತು. ಕಾರಣ ಗೊತ್ತಿದ್ದರೆ ಮನುಷ್ಯ ಅದನ್ನು ಹಿಡಿದು ಸಮಾಧಾನ ಮಾಡಿಕೊಳ್ಳಬಹುದು. "ಪಾಪ, ಅವಳಿಗೂ ಸುಸ್ತಾಗಿತ್ತು, ಅದಕ್ಕೇ ಕಿರುಚಿದಳು" ಅಂದುಕೊಳ್ಳಬಹುದು. ಅಮ್ಮನ ಕೈಯಲ್ಲಿ ಆ ಕಾರಣವೇ ಇಲ್ಲ. ಬರೀ ಸಂಕಟ ಇದೆ.

ಇನ್ನು ಮೇಲೆ ಸಿಟ್ಟೇ ಮಾಡಿಕೊಳ್ಳಬಾರದು ಅಂತ ನಿರ್ಧಾರ ಮಾಡಿದೆ. ಸಿಟ್ಟು ಬಂದಾಗ ಒಂದರಿಂದ ಹತ್ತು ಎಣಿಸಿದೆ. ಮನೆಗೆ ಬಂದವರೆಲ್ಲ "ಹೆತ್ತತಾಯಿ ಸೇವೆ ಮಾಡೋ ಭಾಗ್ಯ ಎಲ್ಲರಿಗೂ ಸಿಗಲ್ಲಮ್ಮ, ಪುಣ್ಯವಂತೆ ನೀನು" ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಆ ಮಾತು ಕೇಳಿದ ಮೇಲೆ ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ಭಾಗ್ಯದ ಮಧ್ಯೆ ಕೂತು, ನನಗೆ ಓಡಿಹೋಗಬೇಕು ಅನಿಸುತ್ತಿದೆ ಅಂತ ಹೇಗೆ ಹೇಳೋದು?

ಒಳಗೆ ತುರುಕಿದ ಸಿಟ್ಟು ಒಂದು ವಾರ ಸುಮ್ಮನಿತ್ತು. ಆಮೇಲೆ ಶಾಲೆಯಲ್ಲಿ ಒಂದು ಹುಡುಗಿಯ ಮೇಲೆ ಎಗರಿದೆ. ಹೋಂವರ್ಕ್ ತಂದಿರಲಿಲ್ಲ, ಅಷ್ಟೇ. ಆ ಮಗು ನನ್ನ ಮುಖವನ್ನು ನೋಡಿದ ರೀತಿ ಥೇಟ್ ಅಮ್ಮನದೇ.

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಅನ್ನುವ ಕಥೆ ಗೊತ್ತಲ್ವಾ? ವೈದ್ಯ ಹಾಗೆ ಹೇಳಿದ ಮೇಲೆ ಲೋಟ ಎತ್ತಿದಾಗಲೆಲ್ಲ ಮಂಗನೇ ಬರುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನಃಶಾಸ್ತ್ರಜ್ಞ ಇದನ್ನೇ ಪ್ರಯೋಗ ಮಾಡಿ ನೋಡಿದ. ಅವನ ಮಂಗ ಒಂದು ಬಿಳಿ ಕರಡಿ. ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದ. ಗಂಟೆ ಬಾರಿಸುತ್ತಲೇ ಇದ್ದರು. ಆಮೇಲೆ ಈಗ ಬೇಕಾದರೆ ನೆನೆಯಿರಿ ಅಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ತಳ್ಳಿದ್ದು ತಿರುಗಿ ಬರುತ್ತದೆ. ನನ್ನ ವಿಷಯದಲ್ಲಿ ಪಾಪದ ಒಂದು ಹುಡುಗಿಯ ಮೇಲೆ ಬಂತು.

ಆ ದಿನ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ ಅದರ ಹೆಸರು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ ಯಾವ ಹೊತ್ತಿಗಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಒತ್ತುವ ಮುಂಚೆ ಬಹಳ ಹೊತ್ತು ಸುಮ್ನೆ ಕೂತಿದ್ದೆ. ನನಗೇನು ಹುಚ್ಚಾ ಅನ್ನುವ ಅಳುಕು. ಆ ಕಡೆ ಒಬ್ಬ ಹೆಣ್ಣುಮಗಳು ಎತ್ತಿಕೊಂಡರು. ಎಲ್ಲ ಹೇಳಿದೆ. ಮೊಣಕೈ ಹಿಡಿದಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು. "ಸಿಟ್ಟು ಬರೋಕೆ ಸ್ವಲ್ಪ ಮುಂಚೆ ನಿಮಗೆ ಮೈಯಲ್ಲಿ ಎಲ್ಲಿ, ಏನಾಗುತ್ತೆ ಮೇಡಂ?"

ನನಗೆ ಗೊತ್ತಿರಲಿಲ್ಲ. ನಲವತ್ತೇಳು ವರ್ಷದ ಹೆಂಗಸು ನಾನು, ಕನ್ನಡ ಪಾಠ ಮಾಡುವ ಟೀಚರ್. ಒಳಗೆ ಏನಾಗುತ್ತದೆ ಅಂತ ಕೇಳಿದರೆ ನನ್ನ ಹತ್ತಿರ ಇದ್ದಿದ್ದು ಎರಡೇ ಪದ. ಬೇಜಾರು ಮತ್ತು ಟೆನ್ಷನ್.

ಅಮ್ಮನ ಹತ್ತಿರ ಎಷ್ಟು ಪದ ಇದ್ದವು! ಫೋನ್ ಇಟ್ಟ ಮೇಲೆ ಅದೇ ನೆನಪಾಗುತ್ತಾ ಹೋಯಿತು. ಮಗು ಬಿದ್ದರೆ ಅವಳ ಕರುಳು ಚುರ್ ಅನ್ನುತ್ತಿತ್ತು. ಟೆಲಿಗ್ರಾಂ ಬಂದರೆ ಎದೆ ಝಲ್ ಅನ್ನುತ್ತಿತ್ತು. ಅಪ್ಪ ರಾತ್ರಿ ತಡವಾದರೆ ದಿಗಿಲು. ಸಾಲಗಾರ ಬಾಗಿಲಿಗೆ ಬಂದರೆ ಕೈಕಾಲು ತಣ್ಣಗಾಗುತ್ತಿತ್ತು. ಮದುವೆ ಮನೆಯಲ್ಲಿ ಹಳೆ ಸೀರೆ ಉಟ್ಟು ನಿಂತರೆ ಮುಜುಗರ. ಆಡಬಾರದ ಮಾತು ಆಡಿದ ಮೇಲೆ ಹಳಹಳಿ. ಮಳೆ ಹೋದ ವರ್ಷ ಇಡೀ ಊರಿಗೇ ಮಂಕು. ಸಂಕಟ ಅನ್ನೋದನ್ನು ಅವಳು ತಿಂದಿದ್ದು ಅರಗದೇ ಇದ್ದಾಗಲೂ ಹೇಳುತ್ತಿದ್ದಳು, ತವರಿನಿಂದ ಕೆಟ್ಟ ಸುದ್ದಿ ಬಂದಾಗಲೂ ಹೇಳುತ್ತಿದ್ದಳು. ಎರಡೂ ಒಂದೇ ಜಾಗದಲ್ಲಿ ಆಗುತ್ತವೆ, ಎರಡಕ್ಕೂ ಒಂದೇ ಹೆಸರು. ನಮ್ಮ ಭಾಷೆ ಭಾವನೆಗಳನ್ನು ಮೈಯಲ್ಲೇ ಇಟ್ಟಿದೆ. ಹೊಟ್ಟೆ ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಎದೆ ಭಾರವಾಗುತ್ತದೆ. ಅಷ್ಟು ಪದಗಳ ಮಧ್ಯೆ ಬೆಳೆದ ನಾನು ಎಲ್ಲವನ್ನೂ ಬೇಜಾರು ಅನ್ನುವ ಒಂದೇ ಡಬ್ಬಿಗೆ ಸುರಿದು ಮುಚ್ಚಳ ಹಾಕಿದ್ದೆ.

ಮಾರನೇ ದಿನ ಶಾಲೆಯ ಒಂದು ಹಳೆ ನೋಟ್‌ಬುಕ್ ತೆಗೆದುಕೊಂಡೆ. ಸಿಟ್ಟು ಬಂದ ಹೊತ್ತು ಬರೆದೆ. ಮೈಯಲ್ಲಿ ಎಲ್ಲಿ ಅಂತ ಬರೆದೆ. ಪಕ್ಕದಲ್ಲಿ ಬೇಜಾರು, ಟೆನ್ಷನ್ ಎರಡನ್ನೂ ಬಿಟ್ಟು ಬೇರೆ ಪದ ಹುಡುಕಿದೆ.

ಮೊದಲು ಗೊತ್ತಾಗಿದ್ದು ಬಹಳ ಸಣ್ಣ ವಿಷಯ. ನನ್ನ ಸಿಟ್ಟಿನಲ್ಲಿ ಅರ್ಧಕ್ಕರ್ಧ ಬರೀ ನಿದ್ದೆಗೇಡು. ರಾತ್ರಿ ಅಮ್ಮ ಎದ್ದಿರದ ದಿನ ಅದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳಿದರೂ ನನಗೆ ಕಿರಿಕಿರಿ ಅಷ್ಟೇ ಆಗುತ್ತಿತ್ತು, ಕಣ್ಣು ಕತ್ತಲೆ ಬರುವಂಥ ಸಿಟ್ಟು ಬರುತ್ತಿರಲಿಲ್ಲ. ಸಂಜೆ ನಾಲ್ಕರಿಂದ ಏನೂ ತಿಂದಿರದ ದಿನವೂ ಸಿಟ್ಟು ಹಾಗೇ ಏರುತ್ತಿತ್ತು. ಇದಕ್ಕೆ ಪಾಪ ಪುಣ್ಯದ ಮಾತೇ ಬೇಕಿರಲಿಲ್ಲ. ಒಂದು ಬಾಳೆಹಣ್ಣು ಬೇಕಿತ್ತು.

ಎರಡನೆಯದು ಬರೆಯಲು ಕೈ ಬರಲಿಲ್ಲ. ಹೊಟ್ಟೆಕಿಚ್ಚು. ತಮ್ಮ ಪುಣೆಯಲ್ಲಿದ್ದಾನೆ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಾನೆ. ಅವನ ಮುಖ ಕಂಡರೆ ಅಮ್ಮ ಅರಳುತ್ತಾಳೆ. ಅವನ ಹೆಸರು ಹಿಡಿದು ಕರೆಯುತ್ತಾಳೆ! ದಿನವಿಡೀ ಜೊತೆಗಿರುವ ನಾನು ಅಕ್ಕ, ವಾರಕ್ಕೆ ಹತ್ತು ನಿಮಿಷ ಕಾಣುವ ಅವನು ಮಗ. ಭಾನುವಾರ ಸಂಜೆಗಳಲ್ಲೇ ನನ್ನ ಧ್ವನಿ ಜಾಸ್ತಿ ಏರುತ್ತಿತ್ತು ಅನ್ನೋದು ನೋಟ್‌ಬುಕ್ಕಿನಲ್ಲಿ ಎದ್ದು ಕಂಡಿತು. ಸಿಟ್ಟು ಅಮ್ಮನ ಮೇಲಿನದ್ದೇ ಅಲ್ಲ. ನಾಚಿಕೆಯಾಯಿತು. ಆದರೆ ಹೊಟ್ಟೆಕಿಚ್ಚು ಅಂತ ಬರೆದ ಮೇಲೆ ಅದರ ಕೆಳಗೆ ನನಗೆ ಬೇಕಾಗಿದ್ದೇನು ಅಂತಲೂ ಬರೆಯಬಹುದಿತ್ತು. ಬರೆದೆ. ಆ ವಾರ ತಮ್ಮನಿಗೆ, "ನಿನಗೇನಪ್ಪ, ಆರಾಮಾಗಿದ್ದೀಯ" ಅನ್ನುವ ಮಾಮೂಲಿ ಮಾತು ಬಿಟ್ಟು, "ನಂಗೆ ವಾರಕ್ಕೆ ಮೂರು ರಾತ್ರಿಯಾದ್ರೂ ಪೂರ್ತಿ ನಿದ್ದೆ ಬೇಕು ಕಣೋ, ಇಲ್ಲಾಂದ್ರೆ ಅಮ್ಮನ ಮೇಲೆ ಕೈ ಮಾಡಿಬಿಡ್ತೀನಿ ಅಂತ ಭಯ ಆಗ್ತಿದೆ" ಅಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ" ಅಂದ. ಈಗ ವಾರಕ್ಕೆ ಮೂರು ರಾತ್ರಿ ಅಮ್ಮನನ್ನು ನೋಡಿಕೊಳ್ಳಲು ಒಬ್ಬರು ಬರುತ್ತಾರೆ. ಅವರ ಸಂಬಳ ತಮ್ಮ ಕಳಿಸುತ್ತಾನೆ. ರಜೆ ಸಿಕ್ಕಾಗ ಬಂದು ಒಂದು ವಾರ ಇರುತ್ತಾನೆ, ಆಗ ನಾನು ಗೆಳತಿಯ ಮನೆಗೆ ಹೋಗಿ ಬರೀ ಮಲಗುತ್ತೇನೆ.

ಭಾವನೆಗೆ ಸರಿಯಾದ ಹೆಸರಿಟ್ಟರೆ ಅದರ ಬಿಸಿ ಇಳಿಯುತ್ತದೆ ಅನ್ನೋದಕ್ಕೆ ಮಿದುಳಿನ ಒಳಗಿನ ಸಾಕ್ಷಿಯೂ ಇದೆ. ಮ್ಯಾಥ್ಯೂ ಲೀಬರ್‌ಮನ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಯವರು 2007ರಲ್ಲಿ 30 ಜನಕ್ಕೆ ಸಿಟ್ಟಿನ, ಹೆದರಿಕೆಯ ಮುಖಗಳ ಫೋಟೋ ತೋರಿಸಿ ಸ್ಕ್ಯಾನ್ ಮಾಡಿದರು. ಮುಖದಲ್ಲಿ ಕಾಣುವ ಭಾವನೆಗೆ ಪದ ಆರಿಸಿದಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗ ಸ್ವಲ್ಪ ತಣ್ಣಗಾಯಿತು. ಅದೇ ಮುಖಕ್ಕೆ ಭಾವನೆ ಬಿಟ್ಟು ಮನುಷ್ಯರ ಹೆಸರು ಆರಿಸಿದಾಗ ಅಷ್ಟು ಆಗಲಿಲ್ಲ. ನನಗೆ ಇದು ಹೊಸದು ಅನಿಸಲಿಲ್ಲ. ಅಜ್ಜಿ ರಾಗಿಕಲ್ಲಿನ ಮುಂದೆ ಕೂತು ಬೀಸುತ್ತಾ ಪದ ಹೇಳುತ್ತಿದ್ದಳಂತೆ. ಅತ್ತೆ ಮನೆಯ ಕಷ್ಟ, ಸತ್ತ ಕೂಸು, ತವರಿನ ದಾರಿ, ಎಲ್ಲ ಅದರಲ್ಲೇ. ನಸುಕಿನಲ್ಲಿ ಎಲ್ಲರೂ ಮಲಗಿರುವಾಗ ಕಲ್ಲಿನ ಹತ್ತಿರ ಹೇಳಿಕೊಳ್ಳೋದು. ಯಾಕವ್ವಾ ಕಲ್ಲಿಗೆ ಹೇಳ್ತೀಯ ಅಂತ ಅಮ್ಮ ಕೇಳಿದ್ದಳಂತೆ. "ಮನುಷ್ಯರ ಹತ್ರ ಹೇಳಿದ್ರೆ ಸುದ್ದಿ ಆಗುತ್ತೆ, ಕಲ್ಲಿನ ಹತ್ರ ಹೇಳಿದ್ರೆ ಹಿಟ್ಟಾದ್ರೂ ಆಗುತ್ತೆ" ಅಂದಿದ್ದಳಂತೆ ಅಜ್ಜಿ. ನನ್ನ ರಾಗಿಕಲ್ಲು ಆ ನೋಟ್‌ಬುಕ್ಕು.

ಇನ್ನೊಂದು ಪದ ಮಾತ್ರ ಬಹಳ ದಿನ ಸಿಗಲಿಲ್ಲ. ನಿದ್ದೆ ಆದ ದಿನವೂ, ಹೊಟ್ಟೆ ತುಂಬಿದ ದಿನವೂ, ಭಾನುವಾರ ಅಲ್ಲದ ದಿನವೂ ಎದೆಯ ನಡುವೆ ಒಂದು ಗಟ್ಟಿ ಗಂಟು. ಅಮ್ಮ ಅಕ್ಕಾ ಅಂತ ಕರೆದಾಗ ಅದು ಬಿಗಿಯುತ್ತಿತ್ತು, ಬಿಗಿದು ಮೇಲೆ ಬಂದು ಸಿಟ್ಟಾಗಿ ಬಾಯಿಂದ ಹೊರಬೀಳುತ್ತಿತ್ತು. ಅದು ಸಿಟ್ಟಲ್ಲ ಅಂತ ಗೊತ್ತಿತ್ತು. ಏನು ಅಂತ ಗೊತ್ತಿರಲಿಲ್ಲ.

ಒಂದು ದಿನ ಹುಳಿ ಮಾಡುತ್ತಿದ್ದೆ. ಹುಣಸೆಹಣ್ಣು ಎಷ್ಟು ಹಾಕಬೇಕು ಅನ್ನೋ ಅನುಮಾನ ಬಂತು. "ಅಮ್ಮಾ, ಹುಣಸೆಹಣ್ಣು..." ಅಂತ ಕೂಗಿದೆ. ಮೂವತ್ತು ವರ್ಷದ ಅಭ್ಯಾಸ. ಮಾತು ಅರ್ಧಕ್ಕೆ ನಿಂತಿತು. ಅಮ್ಮ ಹಾಲ್‌ನಲ್ಲೇ ಇದ್ದಳು, ಕಿಟಕಿಯ ಪರದೆಯನ್ನು ಮಡಚಿ ಬಿಚ್ಚಿ ಮಾಡುತ್ತಾ. ಆದರೆ ಹುಣಸೆಹಣ್ಣಿನ ಅಳತೆ ಕೇಳಬೇಕಾಗಿದ್ದ ಅಮ್ಮ ಅಲ್ಲಿರಲಿಲ್ಲ. ಸೌಟು ಹಿಡಿದುಕೊಂಡೇ ಅತ್ತೆ. ಜೋರಾಗಿ, ಸಾವಿನ ಮನೆಯಲ್ಲಿ ಅಳುವ ಹಾಗೆ ಅತ್ತೆ.

ಪಾಲಿನ್ ಬಾಸ್ ಅನ್ನುವ ಅಮೆರಿಕದ ವಿದ್ವಾಂಸೆ 1970ರ ದಶಕದಿಂದ ಇಂಥ ದುಃಖದ ಬಗ್ಗೆ ಕೆಲಸ ಮಾಡಿದವರು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರಿಂದ ಅವರ ಅಧ್ಯಯನ ಶುರುವಾಯಿತು. ಸತ್ತಿದ್ದಾನೆ ಅಂತ ಅಳೋಣವೆಂದರೆ ದೇಹವಿಲ್ಲ, ಬರುತ್ತಾನೆ ಅಂತ ಕಾಯೋಣವೆಂದರೆ ಸುದ್ದಿಯಿಲ್ಲ. ಆಮೇಲೆ ಅವರು ಮರೆವಿನ ಕಾಯಿಲೆಯವರ ಮನೆಗಳಲ್ಲೂ ಇದನ್ನೇ ಕಂಡರು. ಅಲ್ಲಿ ದೇಹ ಇದೆ, ಮನುಷ್ಯ ಕೈಗೆ ಸಿಗುತ್ತಿಲ್ಲ. ನಮ್ಮಲ್ಲಿ ಇದಕ್ಕೆ ಮೊದಲೇ ಮಾತಿದೆ, ಇದ್ದೂ ಇಲ್ಲದ ಹಾಗೆ ಅಂತ. ಆದರೆ ಇದಕ್ಕೊಂದು ವಿಧಿ ಇಲ್ಲ. ಅಪ್ಪ ಹೋದಾಗ ಹಾಲುತುಪ್ಪ ಮಾಡಿದೆವು, ತಿಥಿ ಮಾಡಿದೆವು. ನೆಂಟರು ಬಂದರು, ಹೆಂಗಸರು ಹಾಡಾಡಿಕೊಂಡು ಅತ್ತರು, ನಮ್ಮನ್ನೂ ಅಳಿಸಿದರು. ಅಮ್ಮ ಇಷ್ಟಿಷ್ಟೇ ಹೋಗುತ್ತಿರುವಾಗ ಯಾರೂ ಬರುವುದಿಲ್ಲ. ಬಂದವರೂ "ಅಮ್ಮ ಗಟ್ಟಿಮುಟ್ಟಾಗಿದ್ದಾರಲ್ಲ, ಮತ್ತೇನು" ಅಂದು ಕಾಫಿ ಕುಡಿದು ಹೋಗುತ್ತಾರೆ.

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಅಗಲಿಕೆ ಅಂತ ಬರೆದೆ. ಅಷ್ಟು ದಿನ ನಾನು ಅಮ್ಮನ ಮೇಲೆ ಸಿಟ್ಟಾಗುತ್ತಿದ್ದೆ ಅಂದುಕೊಂಡಿದ್ದೆ. ನಾನು ಅಮ್ಮನಿಗಾಗಿ ಅಳಬೇಕಿತ್ತು. ಅಳಲು ನನಗೇ ನಾನು ಅಪ್ಪಣೆ ಕೊಟ್ಟಿರಲಿಲ್ಲ, ಯಾಕಂದರೆ ಅವಳು ಬದುಕಿದ್ದಾಳೆ.

ಹೆಸರು ಸಿಕ್ಕ ಕೂಡಲೇ ಎಲ್ಲ ಸರಿಹೋಯಿತು ಅಂತ ನಾನು ಹೇಳಲಾರೆ. ಗಂಟು ಇವತ್ತೂ ಇದೆ. ಹೋದ ತಿಂಗಳೂ ಒಂದು ಸಲ ಧ್ವನಿ ಏರಿಸಿದೆ. ಬದಲಾಗಿದ್ದು ಅಂದರೆ, ಗಂಟು ಬಿಗಿಯುವುದು ಈಗ ನನಗೆ ಮೊದಲೇ ಗೊತ್ತಾಗುತ್ತದೆ. ಗೊತ್ತಾದಾಗ ಹಿತ್ತಲಿಗೆ ಹೋಗಿ ನಾಲ್ಕೈದು ಸಲ ಉಸಿರನ್ನು ನಿಧಾನವಾಗಿ, ಎಳೆದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು, ಹೊರಗೆ ಬಿಡುತ್ತೇನೆ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದು ನಮ್ಮ ಮೈ ಇರುವ ರೀತಿಯೇ. ಅಳು ಬಂದರೆ ಅಳುತ್ತೇನೆ. ಆಮೇಲೆ ಒಳಗೆ ಬರುತ್ತೇನೆ.

ಇಂಥ ಸಂಕಟ ಯಾರಿಗಾದರೂ ಎರಡು ವಾರ ದಾಟಿಯೂ ಬಿಡದೆ ಇದ್ದರೆ, ನಿದ್ದೆ ಊಟ ಎರಡೂ ಕೆಟ್ಟರೆ, ಬದುಕೇ ಬೇಡ ಅನಿಸಿದರೆ, ದಯವಿಟ್ಟು ನೋಟ್‌ಬುಕ್ ಸಾಕು ಅಂದುಕೊಳ್ಳಬೇಡಿ. ಡಾಕ್ಟರ ಹತ್ತಿರ ಹೋಗಿ. ಬದುಕು ಬೇಡ ಅನಿಸಿದ ಹೊತ್ತಿನಲ್ಲಿ ಒಂದು ದಿನವೂ ಕಾಯಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ರಾತ್ರಿಯಾಗಿದ್ದರೆ 14416 ಇದೆ. ನಾನು ಹೆದರಿ ಹೆದರಿ ಮಾಡಿದ ಫೋನ್ ಅದು. ಇನ್ನೂ ಮುಂಚೆ ಮಾಡಿದ್ದರೆ ಆ ಆಷಾಢದ ಸಂಜೆ ಬರುತ್ತಿರಲಿಲ್ಲವೇನೋ ಅಂತ ಈಗಲೂ ಹಳಹಳಿಸುತ್ತೇನೆ.

ಸಂಜೆಗಳು ಈಗ ಬೇರೆ ಥರ. ಕತ್ತಲಾಗುವ ಮುಂಚೆಯೇ ಮನೆಯ ದೀಪಗಳನ್ನೆಲ್ಲ ಹಾಕಿಬಿಡುತ್ತೇನೆ. ಮುಸ್ಸಂಜೆಯ ಮಬ್ಬು, ಗೋಡೆಯ ಮೇಲಿನ ನೆರಳು ಇಂಥವರ ತಳಮಳವನ್ನು ಜಾಸ್ತಿ ಮಾಡುತ್ತವೆ. ಇದೇ ನಮ್ಮನೆ ಅಂತ ವಾದ ಮಾಡೋದನ್ನೂ ಬಿಟ್ಟಿದ್ದೇನೆ. ಮೊನ್ನೆ ಅಮ್ಮ ಚೀಲ ತುಂಬಿಕೊಂಡು ಬಾಗಿಲಿಗೆ ಬಂದಳು.

"ಹೋಗೋಣ ನಡಿ ಅಕ್ಕಾ. ಅವ್ವ ಕಾಯ್ತಿರ್ತಾಳೆ."

"ಹೋಗೋಣ. ಅವ್ವ ಇವತ್ತು ಏನು ಮಾಡಿರ್ತಾಳೆ?"

"ಹುರುಳಿಕಾಳು ಬಸ್ಸಾರು," ಅಂದಳು ತಡವರಿಸದೆ.

ಚಪ್ಪಲಿ ಹಾಕಿಸಿದೆ. ಚೀಲ ಅವಳ ಕೈಯಲ್ಲೇ ಇತ್ತು, ಒಳಗೆ ಗಂಟೆ ಕಿಣಿಕಿಣಿ ಅನ್ನುತ್ತಿತ್ತು. ರಸ್ತೆ ತುದಿಯ ಹೊಂಗೆ ಮರದವರೆಗೆ ನಡೆದೆವು. ದಾರಿಯುದ್ದಕ್ಕೂ ಅವ್ವನ ಮಾತು. ಬಸ್ಸಾರಿಗೆ ಕಾಯಿ ಜಾಸ್ತಿ ಹಾಕುತ್ತಾಳಂತೆ, ಅಪ್ಪಯ್ಯ ಬೈಯುತ್ತಾನಂತೆ. ನಕ್ಕಳು. ನಾನೂ ನಕ್ಕೆ. ತಿರುಗಿ ನಮ್ಮ ಗೇಟಿನ ಹತ್ತಿರ ಬಂದಾಗ "ಬಂದ್ವಲ್ಲ" ಅಂದು ತಾನೇ ಮೊದಲು ಒಳಗೆ ಹೋದಳು.

ಊಟಕ್ಕೆ ಕೂತಾಗ "ಎಷ್ಟು ಚೆನ್ನಾಗಿತ್ತು ಅಲ್ವಾ ಅಮ್ಮ, ನಡೆದಿದ್ದು?" ಅಂದೆ. ನನ್ನ ಮುಖ ನೋಡಿದಳು. "ಎಲ್ಲಿಗೆ ಹೋಗಿದ್ದೆ ನೀನು?" ಅಂದಳು. ಹೊಂಗೆ ಮರ ಇರಲಿಲ್ಲ, ಅವ್ವನೂ ಇರಲಿಲ್ಲ. ತನ್ನ ತಟ್ಟೆಯ ಮುದ್ದೆಯಿಂದ ಒಂದು ತುಂಡು ಮುರಿದು, ಸಾರಿಗೆ ಅದ್ದಿ, ನನ್ನ ತಟ್ಟೆಗೆ ಇಟ್ಟಳು.

"ಉಣ್ಣು ಅಕ್ಕಾ, ಸೊರಗಿ ಹೋಗಿದ್ದೀಯ."